ಎಪ್ಪತ್ತೆರಡು ಟನ್ನಿನ ಪೈಪುಗಳು

ನಿಕಾನೋರ್ ಉರ್ಬೀನಾನಿಗೆ ‘ಇಂಜಿನಿಯರ್’ ಎಂಬ ಬಿರುದು ಬಂದದ್ದು ಯಾವ ಕಾಲೇಜಿನಿಂದಲೂ ಅಲ್ಲ, ತೊರ್ತಿಯಾ ಅಂಗಡಿಯಿಂದ. ಮೆಕ್ಸಿಕೊ ನಗರದ ಮೆಟ್ರೊ ಸುರಂಗದ ಕೆಲಸದಲ್ಲಿ ಅವನು ಉಗ್ರಾಣದ ಗುಮಾಸ್ತ. ಒಂದು ಸಂಜೆ ಹಳದಿ ಹೆಲ್ಮೆಟ್ ತೆಗೆಯಲು ಮರೆತು ಹಾಗೆಯೇ ಸಾಲಿನಲ್ಲಿ ನಿಂತಿದ್ದ. ಅಂಗಡಿಯಾಕೆ ಮೆಕ್ಕೆಜೋಳದ ತೆಳು ರೊಟ್ಟಿಯಾದ ಒಂದು ಬಿಸಿ ತೊರ್ತಿಯಾವನ್ನು ರುಚಿಗೆಂದು ಅವನ ಕೈಗಿಟ್ಟು, “ಇಂಜಿನಿಯರ್ ಸಾಹೇಬ್ರಿಗೆ ಮೊದ್ಲು ಕೊಟ್ಟು ಕಳ್ಸೋಣ, ಪಾಪ ದಣಿದು ಬಂದವ್ರೆ” ಎಂದಳು. ತಿದ್ದಬೇಕೆಂದು ನಿಕಾನೋರನಿಗೆ ಮನಸ್ಸಿತ್ತು. ಆದರೆ ಬಾಯಿಯಲ್ಲಿ ತೊರ್ತಿಯಾ ಇತ್ತು. ಮಾರನೆಯ ದಿನ ಬಾಯಿಯಲ್ಲಿ ಏನೂ ಇರಲಿಲ್ಲ, ಆದರೂ ತಿದ್ದಲಿಲ್ಲ. ಮೂರನೆಯ ದಿನದಿಂದ, ಹೆಲ್ಮೆಟ್ ತೆಗೆಯಲು ಮರೆಯುವುದನ್ನು ಅವನು ಒಂದು ದಿನವೂ ಮರೆಯಲಿಲ್ಲ.

ಒಂಬತ್ತು ವರ್ಷ ಅವನ ವಶದಲ್ಲಿದ್ದದ್ದು ಬೋಲ್ಟು, ನಟ್ಟು, ಕೈಗವಸು ಮತ್ತು ಪೊರಕೆ. ಹೋದ ತಿಂಗಳಷ್ಟೇ ಅವನನ್ನು ಪೈಪುಗಳ ವಿಭಾಗಕ್ಕೆ ಹಾಕಿದ್ದರು. ತಗಡಿನ ಶೆಡ್ಡಿನಲ್ಲಿ ಒಂದು ಮೇಜು, ಒಂದು ಕುರ್ಚಿ, ಕಟ್ಟಿದಂದಿನಿಂದ ಒರೆಸದ ಒಂದು ಕಿಟಕಿ. ಪೈಪುಗಳು ಆ ಕಿಟಕಿಯ ಆಚೆ ಬರುತ್ತಿದ್ದವು, ಆಚೆಯೇ ಹೋಗುತ್ತಿದ್ದವು. ಈಚೆಗೆ ಬರುತ್ತಿದ್ದದ್ದು ಚೀಟಿ ಮಾತ್ರ.

ನಿಕಾನೋರನ ಮನೆಯಿದ್ದ ಅಲೆಲಿ ಬೀದಿಯಲ್ಲಿ ತೂಕದ ವಿಷಯಕ್ಕೆ ಅಲ್ಲಿಯವರೆಗೆ ಕೊನೆಯ ಮಾತು ಕಸಾಯಿ ಅಂಗಡಿಯ ಫಿದೆನ್ಸಿಯೊನದು. ಹುಟ್ಟಿದ ಮಗುವನ್ನೂ ಆಸ್ಪತ್ರೆಯಿಂದ ನೇರವಾಗಿ ಅವನ ತಕ್ಕಡಿಗೆ ತಂದು ಮಲಗಿಸಿ ಆಮೇಲೆ ಮನೆಗೆ ಒಯ್ಯುವುದು ಅಲ್ಲಿಯ ಪದ್ಧತಿ. ತೂಗುವಾಗ ಅವನ ಹೆಬ್ಬೆರಳೂ ತಕ್ಕಡಿಯಲ್ಲಿರುತ್ತದೆ ಎಂದು ಕೆಲವರು ಹೇಳುತ್ತಿದ್ದರಾದರೂ, ಮಗು ದುಂಡಗಿದೆ ಎನಿಸಿಕೊಳ್ಳಲು ಯಾವ ತಾಯಿಯೂ ಬೇಡ ಎನ್ನುತ್ತಿರಲಿಲ್ಲ. ಅವನು ನಿಕಾನೋರನ ಮಗಳ ಧರ್ಮಪಿತ. ಆದ್ದರಿಂದ ಇಬ್ಬರೂ ಪರಸ್ಪರ ‘ಕಂಪಾದ್ರೆ’ ಎಂದು ಕರೆದುಕೊಳ್ಳುತ್ತಿದ್ದರು. ಆದರೆ ಬೀದಿಯಲ್ಲಿ ಒಬ್ಬ ಇಂಜಿನಿಯರ್ ಹುಟ್ಟಿಕೊಂಡಂದಿನಿಂದ ಫಿದೆನ್ಸಿಯೊ ಆ ಪದವನ್ನು ಹಲ್ಲಿನ ನಡುವಿನ ಎಲುಬಿನ ಚೂರಿನಂತೆ ಉಗುಳುತ್ತಿದ್ದ.

ಕಥೆ ಶುರುವಾದದ್ದು ನಿಕಾನೋರನ ಅತ್ತೆ, ಬೀದಿಯವರು ಗೌರವದಿಂದ ‘ದೋನ್ಯಾ’ ಎನ್ನುತ್ತಿದ್ದ ಎಲ್ಪಿದಿಯಾಳ ಎಪ್ಪತ್ತನೆಯ ಹುಟ್ಟುಹಬ್ಬದ ಊಟದಲ್ಲಿ. ಒಣಮೆಣಸಿನಕಾಯಿ, ಎಳ್ಳು, ಚಾಕೊಲೇಟು ಅರೆದ ಕಪ್ಪು ಗೊಜ್ಜಿನಲ್ಲಿ ಟರ್ಕಿ ಕೋಳಿ ಮುಳುಗಿತ್ತು. ತನ್ನ ಮಗಳನ್ನು ನಟ್ಟು ಎಣಿಸುವವನಿಗೆ ಕೊಟ್ಟೆನೆಂಬ ಸಂಕಟ ಆ ಹೆಂಗಸಿಗೆ ಹದಿನೈದು ವರ್ಷದಿಂದ ಇತ್ತು. ಪ್ರತಿ ಹುಟ್ಟುಹಬ್ಬಕ್ಕೂ ಅಳಿಯನ ತಟ್ಟೆಗೆ ಆಕೆ ಕೋಳಿಯ ಕತ್ತನ್ನೇ ಬಡಿಸುತ್ತಿದ್ದಳು.

“ಅಲ್ಲ ಅಳಿಯಂದ್ರೇ, ನಮ್ಮ ಬೀದಿ ಮೇಲೇನೋ ಪೈಪು ತರ್ತಾರಂತೆ. ತುಂಬ ಭಾರಾನಾ?” ಎಂದು ಆಕೆ ಕತ್ತು ಬಡಿಸುತ್ತ ಕೇಳಿದಳು.

ವಿಷಯ ನಿಜವೇ. ಬೀದಿಯ ಒಂದು ತುದಿಯಲ್ಲಿ ದೊಡ್ಡ ರಸ್ತೆ, ಇನ್ನೊಂದು ತುದಿಯಲ್ಲಿ ಮೆಟ್ರೊ ಸುರಂಗಕ್ಕಾಗಿ ತೋಡಿದ ಗುಂಡಿ. ಬೀದಿಯ ಹಳೆಯ ಚರಂಡಿ ಆ ಗುಂಡಿಗೆ ಅಡ್ಡ ಬರುತ್ತಿತ್ತು. ಅದನ್ನು ಕತ್ತರಿಸಿ, ನೀರನ್ನು ಪಕ್ಕದಿಂದ ಸುತ್ತಿಸಿ ಒಯ್ಯಲು ಅಲೆಅಲೆ ತಗಡಿನ ಉಕ್ಕಿನ ಪೈಪುಗಳು ಬರಬೇಕಿತ್ತು.

“ಭಾರ ಏನ್ಬಂತು ದೋನ್ಯಾ!” ಎಂದ ಫಿದೆನ್ಸಿಯೊ. “ತಗಡು ಸುತ್ತಿ ಮಾಡಿದ್ದು. ನನ್ನಂಗ್ಡೀಲಿ ನೇತಾಕಿರೋ ಅರ್ಧ ಹೋರಿಗಿಂತ ಹಗುರ. ಕಂಪಾದ್ರೇನ ಕೇಳಿ, ದಿನಾ ನೋಡ್ತಾರಲ್ಲ, ಕಿಟಕೀಲಿ.”

‘ಕಿಟಕೀಲಿ’ ಎಂಬ ಮಾತು ನಾಟಿತು. ನಿಕಾನೋರ್ ಅಂಗಿಯ ಜೇಬಿನಿಂದ ಸರಬರಾಜಿನ ಚೀಟಿ ತೆಗೆದು, ಕನ್ನಡಕವಿಲ್ಲದಿದ್ದರೂ ಕನ್ನಡಕ ಸರಿಪಡಿಸಿಕೊಳ್ಳುವವನಂತೆ ಮೂಗು ಮುಟ್ಟಿಕೊಂಡು ಓದಿದ. ಪೈಪುಗಳು: ಇಪ್ಪತ್ತು. ಉದ್ದ: ಆರು ಮೀಟರ್. ತೂಕ: ಮೂರು ಸಾವಿರದ ಆರುನೂರು ಕಿಲೊ.

ಇಲ್ಲಿ ಒಂದು ಸಂಗತಿ ಹೇಳಬೇಕು. ಬೋಲ್ಟಿನ ಚೀಟಿಯಲ್ಲಿ ಬರೆಯುತ್ತಿದ್ದದ್ದು ಒಂದು ಪೆಟ್ಟಿಗೆಯ ತೂಕ. ಎಷ್ಟು ಪೆಟ್ಟಿಗೆಯೋ ಅಷ್ಟರಿಂದ ಗುಣಿಸಿಕೊಳ್ಳಬೇಕು. ಪೈಪಿನ ಚೀಟಿಯಲ್ಲಿ ಬರೆಯುವುದು ಲಾರಿಯ ಇಡೀ ಲೋಡಿನ ತೂಕ. ಈ ವ್ಯತ್ಯಾಸವನ್ನು ನಿಕಾನೋರನಿಗೆ ಯಾರೂ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ, ಇಂಜಿನಿಯರಾದವನು ಯಾರನ್ನು ಕೇಳುವುದು?

“ಒಂದು ಪೈಪಿಗೆ ಮೂರು ಸಾವಿರದ ಆರುನೂರು ಕಿಲೊ,” ಎಂದ ಅವನು ಗಂಭೀರವಾಗಿ. “ಇಪ್ಪತ್ತು ಪೈಪು. ಎಪ್ಪತ್ತೆರಡು ಟನ್ನು.”

ಫಿದೆನ್ಸಿಯೊನ ಕೈಯಲ್ಲಿದ್ದ ಕೋಳಿಯ ತೊಡೆ ಅರ್ಧದಾರಿಯಲ್ಲಿ ನಿಂತಿತು.

“ಅಷ್ಟಂದ್ರೆ ಎಷ್ಟು ಹೋರಿ ಆಯ್ತೋ ಫಿದೆನ್ಸಿಯೊ?” ಎಂದು ಕೇಳಿದಳು ದೋನ್ಯಾ ಎಲ್ಪಿದಿಯಾ.

ವೃತ್ತಿಯ ಪ್ರಶ್ನೆ, ಅವನು ಉತ್ತರಿಸದೆ ಇರುವಂತಿರಲಿಲ್ಲ. ಬೆರಳು ಮಡಚಿದ, ಬಿಡಿಸಿದ. “ಹೋರಿಗೆ ಐನೂರು ಕಿಲೊ ಅಂದ್ರೂ... ನೂರ ನಲವತ್ನಾಲ್ಕು.”

“ಒಂದೇ ಲಾರೀಲಾ?”

“ಒಂದೇ ಲಾರೀಲಿ,” ಎಂದ ನಿಕಾನೋರ್.

“ದೇವಮಾತೆ! ನೂರ ನಲವತ್ನಾಲ್ಕು ಹೋರಿ ನನ್ನ ಕಿಟಕಿ ಮುಂದೆ!” ಆಕೆ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ಆಮೇಲೆ ಅಳಿಯನ ತಟ್ಟೆಯಿಂದ ಕತ್ತನ್ನು ತೆಗೆದು, ಎದೆಯ ಭಾಗದ ದೊಡ್ಡ ತುಂಡೊಂದನ್ನು ಇಟ್ಟಳು.

ಸೋಮವಾರ ಬೆಳಗಾಗುವಷ್ಟರಲ್ಲಿ ಬೀದಿಯಲ್ಲಿ ಬೇರೆ ಮಾತೇ ಇರಲಿಲ್ಲ. ಫಿದೆನ್ಸಿಯೊನ ಅಂಗಡಿಯೆದುರು ರಸ್ತೆಯಲ್ಲಿ ಒಂದು ಹಳ್ಳವಿತ್ತು. ಅದನ್ನು ಮುಚ್ಚಿಸಿ ಎಂದು ಬೀದಿಯವರು ಹನ್ನೊಂದು ವರ್ಷದಿಂದ ವರ್ಷಕ್ಕೊಂದು ಅರ್ಜಿ ಕೊಡುತ್ತ ಬಂದಿದ್ದರು. ಮಳೆಗಾಲದಲ್ಲಿ ಅದರಲ್ಲಿ ಬಾತುಕೋಳಿ ಈಜುತ್ತಿದ್ದವು. ಅದರ ಕೆಳಗೆ ಮುತ್ತಾತನ ಕಾಲದ ಇಟ್ಟಿಗೆ ಚರಂಡಿ. ಅದರ ಮೇಲೆ ಎಪ್ಪತ್ತೆರಡು ಟನ್! ಕ್ಷೌರದಂಗಡಿಯವನು ಲಾರಿ ಬರುವ ದಿನ ಕತ್ತಿ ಹಿಡಿಯುವುದಿಲ್ಲ, ನೆಲ ನಡುಗಿದರೆ ತಾನು ಹೊಣೆಯಲ್ಲ ಎಂದು ಬೋರ್ಡು ಹಾಕಿದ. ಒಬ್ಬಾಕೆ ತನ್ನ ಬಸುರಿ ಸೊಸೆಯನ್ನು ಆಗಲೇ ಅಕ್ಕನ ಮನೆಗೆ ಕಳಿಸಿಬಿಟ್ಟಳು.

ಹನ್ನೆರಡನೆಯ ಅರ್ಜಿಯನ್ನು ದೋನ್ಯಾ ಎಲ್ಪಿದಿಯಾ ಹೇಳಿ ಬರೆಸಿದಳು. ಎಲ್ಲರೂ ರುಜು ಹಾಕಿದ ಮೇಲೆ ಕಾಗದ ನಿಕಾನೋರನ ಮುಂದೆ ಬಂತು.

“ಮುದುಕಾ,” ಎಂದು ಪಿಸುಗುಟ್ಟಿದಳು ಅವನ ಹೆಂಡತಿ ಒಬ್ದೂಲಿಯಾ. ಅವನಿಗಿನ್ನೂ ನಲವತ್ತೆರಡು, ಪ್ರೀತಿ ಬಂದಾಗಲೂ ಕೋಪ ಬಂದಾಗಲೂ ಅವಳಿಗೆ ಅವನು ಮುದುಕನೇ. “ಲೆಕ್ಕ ಸರಿಯಾಗಿ ಮಾಡಿದ್ದೀಯ ತಾನೆ?”

“ಗುಣಾಕಾರ ಸರಿಯಾಗಿದೆ,” ಎಂದ ನಿಕಾನೋರ್. ಅದೇನೋ ನಿಜ. ಮೂವತ್ತು ಜೊತೆ ಕಣ್ಣುಗಳು ಅವನ ಪೆನ್ನನ್ನೇ ನೋಡುತ್ತಿದ್ದವು. ಅವನು ಹೆಸರಿನ ಹಿಂದೆ ‘ಇಂ.’ ಎಂದು ಸೇರಿಸಿ, ಕೆಳಗೆ ‘ಮೆಟ್ರೊ ಕಾಮಗಾರಿ’ ಎಂದು ಬರೆದು, ಬಾಲ ಸುತ್ತಿದ ರುಜು ಹಾಕಿದ.

ವಾರ್ಡ್ ಕಚೇರಿಯ ಕಾಸ್ತುಲೊ ಸಾಹೇಬರ ಬೀರುವಿನಲ್ಲಿ ಹಿಂದಿನ ಹನ್ನೊಂದು ಅರ್ಜಿಗಳು ಒಂದರ ಮೇಲೊಂದು ಸುಖವಾಗಿ ಮಲಗಿದ್ದವು. ಹನ್ನೆರಡನೆಯದೂ ಮಲಗುವುದಿತ್ತು. ಆದರೆ ಸಾಹೇಬರ ಕಣ್ಣು ಆ ‘ಇಂ.’ ಮೇಲೆ ಬಿತ್ತು. ಇಂಜಿನಿಯರೊಬ್ಬ ಲಿಖಿತವಾಗಿ ಎಚ್ಚರಿಸಿದ ಮೇಲೆ ರಸ್ತೆ ಕುಸಿದರೆ, ಪತ್ರಿಕೆಯಲ್ಲಿ ಫೋಟೊ ಬರುವುದು ಯಾರದು? ಸಾಹೇಬರು ಹ್ಯಾಟು ಹಾಕಿಕೊಂಡು ತಾವೇ ಹೊರಟರು. ಹೊರಡುವ ಮುನ್ನ ನಿಯಮದಂತೆ ಅರ್ಜಿಯ ಒಂದು ಪ್ರತಿಯನ್ನು ಮೆಟ್ರೊ ಕಚೇರಿಗೆ ಅಂಚೆಯಲ್ಲಿ ಕಳಿಸಿದರು. ಆ ಕಚೇರಿ ಎರಡು ಬೀದಿಯಾಚೆ ಇತ್ತು. ಆದ್ದರಿಂದ ಅದು ತಲುಪಲು ಮೂರು ವಾರ ಬೇಕಾಯಿತು.

“ನೀವೇನಾ ಇಂಜಿನಿಯರ್ ಉರ್ಬೀನಾ? ಈ ರಸ್ತೆ ತಡೆಯುತ್ತೇನ್ರೀ?” ಎಂದು ಕಾಸ್ತುಲೊ ಸಾಹೇಬರು ಹಳ್ಳದ ಅಂಚಿನಲ್ಲಿ ನಿಂತು ಕೇಳಿದರು.

ಇಡೀ ಬೀದಿ ಸುತ್ತ ನೆರೆದಿತ್ತು. ಏನಾದರೂ ಮಾಡಲೇಬೇಕು. ನಿಕಾನೋರ್ ಬಲಗಾಲಿನಿಂದ ನೆಲವನ್ನು ಮೂರು ಸಲ ತುಳಿದ. ಮಂಡಿಯೂರಿ ರಸ್ತೆಗೆ ಕಿವಿಯಿಟ್ಟ. ಬಹಳ ಹೊತ್ತು ಇಟ್ಟ. ಅವನಿಗೆ ಕೇಳಿಸಿದ್ದು ಫಿದೆನ್ಸಿಯೊನ ಅಂಗಡಿಯ ರೇಡಿಯೊ ಮಾತ್ರ.

“ತಡೆಯಲ್ಲ,” ಎಂದ ಎದ್ದು.

ಸಾಹೇಬರು ಹ್ಯಾಟು ತೆಗೆದು ತಾವೂ ಕಿವಿಯಿಟ್ಟರು. “ಹೌದೌದು. ಟೊಳ್ಳು ಸದ್ದು,” ಎಂದರು. ಆಮೇಲೆ ಬೀದಿಯವರೆಲ್ಲ ಸರದಿಯ ಮೇಲೆ ಕಿವಿಯಿಟ್ಟು ಹೌದೌದು ಎಂದರು.

ಮರುದಿನವೇ ಗುದ್ದಲಿ, ಹಾರೆ, ಸಿಮೆಂಟು ಬಂದವು. ಹನ್ನೊಂದು ವರ್ಷ ಬಾರದ ಜನ ಎರಡು ಲಾರಿ ತುಂಬಿ ಬಂದರು. ನಾಲ್ಕನೆಯ ದಿನ ಹಳ್ಳವನ್ನು ಅಗೆಯುತ್ತಿದ್ದವನ ಹಾರೆ ಕೈಯಿಂದ ಜಾರಿ ಕೆಳಗೆ ಹೋಯಿತು. ಬಿದ್ದ ಸದ್ದು ಬಹಳ ತಡವಾಗಿ ಬಂತು. ದೀಪ ಇಳಿಬಿಟ್ಟು ನೋಡಿದರೆ, ಒಡೆದ ಚರಂಡಿಯ ನೀರು ವರ್ಷವರ್ಷ ಮಣ್ಣನ್ನು ತಿಂದು ತಿಂದು ರಸ್ತೆಯಡಿ ಒಂದು ಕೋಣೆಯಷ್ಟು ಪೊಳ್ಳಾಗಿತ್ತು. ಫಿದೆನ್ಸಿಯೊನ ಅಂಗಡಿಯ ಮೆಟ್ಟಿಲ ಕೆಳಗೆ ಗಾಳಿಯ ಹೊರತು ಏನೂ ಇರಲಿಲ್ಲ.

ಫಿದೆನ್ಸಿಯೊ ಆ ಗುಂಡಿಯನ್ನು ಇಣುಕಿ ನೋಡಿ, ಹಿಂದಕ್ಕೆ ಸರಿದು, ಇನ್ನೊಮ್ಮೆ ಇಣುಕಿದ. “ಕಂಪಾದ್ರೆ,” ಎಂದ, “ಹನ್ನೊಂದು ವರ್ಷದಿಂದ ಇದ್ರ ಮೇಲೆ ನಿಂತ್ಕೊಂಡು ಹೋರಿ ಕಡೀತಿದ್ನಲ್ಲಪ್ಪ!”

ಅಂದಿನಿಂದ ಅವನ ಬಾಯಲ್ಲೂ ‘ಇಂಜಿನಿಯರೇ’ ಎಂದೇ ಬರತೊಡಗಿತು. ಬೀದಿಯಲ್ಲಿ ನಿಕಾನೋರನಿಗೆ ಎರಡು ಕೈಗಳಿದ್ದದ್ದು ಸಾಲದಾಯಿತು. ಒಂದು ನಮಸ್ಕಾರಕ್ಕೆ ಉತ್ತರಿಸುವಷ್ಟರಲ್ಲಿ ಮತ್ತೊಂದು ಬರುತ್ತಿತ್ತು.

ಒಡೆದ ಚರಂಡಿಯನ್ನು ಸರಿಪಡಿಸಿ, ಪೊಳ್ಳನ್ನು ತುಂಬಿ, ಕಂಬಿ ಕಟ್ಟಿ, ಮೂರನೆಯ ವಾರದ ಗುರುವಾರ ಸಂಜೆ ಇಡೀ ರಸ್ತೆಗೆ ಕಾಂಕ್ರೀಟು ಸುರಿದು ನುಣ್ಣಗೆ ಮಾಡಿದರು. ಅದೇ ಗುರುವಾರ ಮಧ್ಯಾಹ್ನ ಪೈಪುಗಳು ಮೆಟ್ರೊ ಅಂಗಳಕ್ಕೆ ಬಂದಿದ್ದವು. ನಿಕಾನೋರ್ ತನ್ನ ಪೈಪುಗಳನ್ನು ನೋಡುವ ಆಸೆಯಿಂದ ಮೊದಲ ಬಾರಿಗೆ ಕಿಟಕಿ ಒರೆಸಿದ. ಆಚೆ ಆರು ಜನ ಕೂಲಿಗಳು, ಬಾಯಲ್ಲಿ ಸಿಗರೇಟು, ಒಂದು ಪೈಪನ್ನು ಎತ್ತಿ ಲಾರಿಗೆ ಏರಿಸುತ್ತಿದ್ದರು. ಒಬ್ಬ ಹಾಡುತ್ತಲೂ ಇದ್ದ.

ಮೂರು ಸಾವಿರದ ಆರುನೂರನ್ನು ಆರರಿಂದ ಭಾಗಿಸಿದರೆ ತಲೆಗೆ ಆರುನೂರು ಕಿಲೊ. ಆರುನೂರು ಕಿಲೊ ಹೊತ್ತು ಹಾಡುವವನನ್ನು ನಿಕಾನೋರ್ ಎಲ್ಲೂ ಕಂಡಿರಲಿಲ್ಲ. ಅವನು ಹೊರಗೆ ಓಡಿ ಲಾರಿಯ ಚಾಲಕನಿಗೆ ಚೀಟಿ ತೋರಿಸಿದ.

“ಇದು ಒಂದರ ತೂಕ ತಾನೆ?”

“ಒಂದರದ್ದಾ!” ಚಾಲಕ ಬಿದ್ದು ಬಿದ್ದು ನಕ್ಕ. “ಇಡೀ ಲೋಡಿಂದು ಕಣಣ್ಣ. ಒಂದಕ್ಕೆ ನೂರ ಎಂಬತ್ತು. ಬಿಸಿಲಿಗೆ ತಲೆ ಕೆಟ್ಟಿದ್ಯಾ?”

ನಿಕಾನೋರ್ ಮನೆಗೆ ಬಂದಾಗ ಅವನ ಮುಖ ಹಸಿ ಕಾಂಕ್ರೀಟಿನ ಬಣ್ಣಕ್ಕೆ ತಿರುಗಿತ್ತು. ಒಬ್ದೂಲಿಯಾ ಎಲ್ಲವನ್ನೂ ಕೇಳಿ ಸ್ಟೂಲಿನ ಮೇಲೆ ಕುಸಿದು ಕುಳಿತಳು.

“ಹಂಗಾದ್ರೆ ನೂರ ನಲವತ್ನಾಲ್ಕು ಹೋರಿ?”

“ಏಳು ಹೋರಿ. ಮೇಲೊಂದು ತೊಡೆ.”

“ಅಮ್ಮಂಗೆ ನೀನೇ ಹೇಳು. ನನ್ ಕೈಲಾಗಲ್ಲ.”

ದೋನ್ಯಾ ಎಲ್ಪಿದಿಯಾ ತನ್ನ ಮನೆಯಲ್ಲಿ ಪಿಂಗಾಣಿ ತಟ್ಟೆಗಳನ್ನು ಒಂದೊಂದಾಗಿ ಕಂಬಳಿಗೆ ಸುತ್ತುತ್ತಿದ್ದಳು. ಗೋಡೆಯ ಮೇಲಿನ ಗಂಡನ ಫೋಟೊವನ್ನು ಇಳಿಸಿ ಹಾಸಿಗೆಯ ಮೇಲೆ ಮಲಗಿಸಿ ಹೊದಿಸಿದ್ದಳು.

“ಅತ್ತೆಮ್ಮ,” ಎಂದ ನಿಕಾನೋರ್, “ಆ ತೂಕ ನಾನು ಹೇಳಿದ್ದಕ್ಕಿಂತ ಕಮ್ಮಿ.”

“ಎಷ್ಟು ಕಮ್ಮಿ?”

“ಅರವತ್ತೆಂಟು ಟನ್ನು.”

“ಅರವತ್ತೆಂಟು ಟನ್ನಾ?” ಆಕೆ ಯೋಚಿಸಿ ತಲೆಯಾಡಿಸಿದಳು. “ಎಪ್ಪತ್ತೆರಡು ಹೋಗಿ ಅರವತ್ತೆಂಟಾದ್ರೆ ಅದೇನ್ ಮಹಾ ಕಮ್ಮಿ ಆಯ್ತು? ನಾಲ್ಕು ಟನ್ನಿಗೋಸ್ಕರ ತಟ್ಟೆ ಬಿಚ್ಚಲ್ಲ ನಾನು. ಹಿಡ್ಕೋ ಈ ಕಂಬಳಿ ತುದೀನ.”

ನಿಕಾನೋರ್ ಕಂಬಳಿಯ ತುದಿ ಹಿಡಿದುಕೊಂಡ.

ಶುಕ್ರವಾರ ಹತ್ತು ಗಂಟೆಗೆ ಲಾರಿ ದೊಡ್ಡ ರಸ್ತೆಯ ಕಡೆಯಿಂದ ಬಂದು ಬೀದಿಯ ಬಾಯಲ್ಲಿ ನಿಂತಿತು. ಅಲ್ಲಿ ಕಾಸ್ತುಲೊ ಸಾಹೇಬರು ಹೊಸ ರಸ್ತೆಯ ಉದ್ಘಾಟನೆಗೆಂದು ಗೋಡೆಯಿಂದ ಗೋಡೆಗೆ ರಿಬ್ಬನ್ ಕಟ್ಟಿಸಿ, ಕತ್ತರಿ ಹಿಡಿದು ನಿಂತಿದ್ದರು. ಜನ ಮಹಡಿಗಳ ಮೇಲೆ, ಕಿಟಕಿಗಳಲ್ಲಿ, ಕಿವಿಗೆ ಹತ್ತಿಯಿಟ್ಟುಕೊಂಡು ಕಾಯುತ್ತಿದ್ದರು. ಆರು ಕೂಲಿಗಳು ಲಾರಿಯಿಂದ ಧುಮುಕಿ, ಒಂದು ಪೈಪನ್ನು ಇಳಿಸಿ ಗೋಡೆಗೆ ಒರಗಿಸಿ, ಕೈ ಕೊಡವಿಕೊಂಡರು.

ಫಿದೆನ್ಸಿಯೊ ಕಿವಿಯ ಹತ್ತಿ ತೆಗೆದು ಕೇಳಿದ: “ಇದು... ಸ್ಯಾಂಪಲ್ಲಾ?”

ಅಷ್ಟರಲ್ಲಿ ಜೀಪೊಂದು ಬಂದು ನಿಂತಿತು. ಇಳಿದವರು ಮೆಟ್ರೊ ಕಾಮಗಾರಿಯ ಇಂಜಿನಿಯರ್ ಅರಿಸ್ಮೆಂದಿ. ಆ ಅಂಗಳಕ್ಕೆಲ್ಲ ಮುಖ್ಯಸ್ಥೆಯಾದ, ಮೊಣಕಾಲುದ್ದದ ರಬ್ಬರ್ ಬೂಟಿನ ಹೆಂಗಸು. ಕೈಯಲ್ಲಿ ಆ ದಿನ ಬೆಳಿಗ್ಗೆ ತಲುಪಿದ ಅರ್ಜಿಯ ಪ್ರತಿ.

“ಇಲ್ಲಿ ಇಂಜಿನಿಯರ್ ಉರ್ಬೀನಾ ಅಂದ್ರೆ ಯಾರು?”

ಬೀದಿಗೆ ಬೀದಿಯೇ ಹೆಮ್ಮೆಯಿಂದ ಬೆರಳು ತೋರಿಸಿತು. ನಿಕಾನೋರ್ ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡ.

“ನಮ್ಮ ಉಗ್ರಾಣದ ಗುಮಾಸ್ತ ಅಲ್ವೇನಯ್ಯ ನೀನು? ಇಂಜಿನಿಯರಿಂಗ್ ಯಾವ ಕಾಲೇಜಲ್ಲಿ ಮಾಡ್ದೆ?”

“ತೊರ್ತಿಯಾ ಅಂಗಡೀಲಿ, ಮೇಡಂ.”

“ಈ ಪೈಪಿನ ತೂಕ ಎಷ್ಟು?”

ನಿಕಾನೋರ್ ಒಮ್ಮೆ ಅತ್ತೆಯ ಕಿಟಕಿಯತ್ತ ನೋಡಿದ. ಆಮೇಲೆ ಎಲ್ಲರಿಗೂ ಕೇಳುವಂತೆಯೇ ಹೇಳಿದ: “ನೂರ ಎಂಬತ್ತು ಕಿಲೊ ಮೇಡಂ. ಮೂರು ಸಾವಿರದ ಆರುನೂರು ಅನ್ನೋದು ಇಪ್ಪತ್ತೂ ಸೇರಿ. ನಾನು ಒಂದರದ್ದು ಅಂದ್ಕೊಂಡೆ. ತಪ್ಪು ನನ್ನದೇ. ಬೀದಿಯವರದ್ದಲ್ಲ, ಸಾಹೇಬ್ರದ್ದೂ ಅಲ್ಲ.”

ಕಾಸ್ತುಲೊ ಸಾಹೇಬರ ಕೈಯಲ್ಲಿದ್ದ ಕತ್ತರಿ ತಾನಾಗಿ ಒಮ್ಮೆ ಕಟಕ್ ಎಂದಿತು. ಮೇಲಿನ ಕಿಟಕಿಯಿಂದ ದೋನ್ಯಾ ಎಲ್ಪಿದಿಯಾಳ ಧ್ವನಿ ಬಂತು: “ಏನಂತೆ? ಯಾವುದು ನೂರ ಎಂಬತ್ತು?”

“ಇಲ್ಲದ ಬಿರುದು ಹಾಕ್ಕೊಂಡು ಸರ್ಕಾರಿ ಕಾಗದಕ್ಕೆ ರುಜು ಹಾಕಿದ್ದೀಯ,” ಎಂದರು ಅರಿಸ್ಮೆಂದಿ. “ಇವತ್ತೇ ಮನೆಗೆ ಕಳಿಸಬಹುದು ನಿನ್ನ, ಗೊತ್ತಾ?”

“ಗೊತ್ತು ಮೇಡಂ. ಮನೆ ಇಲ್ಲೇ ಮೂರನೇದು.”

ಆಗ ಯಾರೂ ನಿರೀಕ್ಷಿಸದ ಒಬ್ಬ ಮುಂದೆ ಬಂದ. ಮೂರು ವಾರದ ಹಿಂದಾಗಿದ್ದರೆ ಇಂಥ ದಿನಕ್ಕಾಗಿಯೇ ಕಾಯುತ್ತಿದ್ದ ಫಿದೆನ್ಸಿಯೊ ರಕ್ತದ ಕಲೆಯ ಏಪ್ರನ್ನಿನಲ್ಲಿ ಇಂಜಿನಿಯರಮ್ಮನ ಎದುರು ನಿಂತ.

“ಮೇಡಂ, ತೂಕದ ವಿಷ್ಯ ನಂಗೂ ಸ್ವಲ್ಪ ಗೊತ್ತು. ನಮ್ಮ ಕಂಪಾದ್ರೆ ಲೆಕ್ಕ ತಪ್ಪಿರ್ಬೋದು. ಆದ್ರೆ ಈ ಕಾಂಕ್ರೀಟ್ ಕೆಳಗೆ ನನ್ನ ಅಂಗಡಿಯಷ್ಟು ದೊಡ್ಡ ತೂತಿತ್ತು. ಅಳತೆ ಮಾಡಿದವ್ರು ಇಲ್ಲೇ ಇದಾರೆ, ಕೇಳಿ.”

ಕಾಸ್ತುಲೊ ಸಾಹೇಬರಿಗೆ ಜೀವ ಬಂತು. ಚೀಲದಿಂದ ಪೊಳ್ಳಿನ ನಕ್ಷೆ ತೆಗೆದು ಬಿಡಿಸಿದರು. ಇಂಜಿನಿಯರಮ್ಮ ಅದನ್ನು ನೋಡಿದರು, ಲಾರಿಯನ್ನು ನೋಡಿದರು. ಆಮೇಲೆ ಲಾರಿಯಲ್ಲಿ ಕುಳಿತೇ ಇದ್ದ ಚಾಲಕನನ್ನು ನೋಡಿದರು.

“ಲಾರಿ, ಲೋಡು ಎಲ್ಲ ಸೇರಿ ಹತ್ತು ಟನ್ನು,” ಎಂದರು ನಿಧಾನವಾಗಿ. “ಅಷ್ಟೇ ಸಾಕಾಗಿತ್ತು. ಇವನ ಸಮೇತ ಒಳಗೆ ಹೋಗಿರೋದು.” ನಿಕಾನೋರನತ್ತ ತಿರುಗಿದರು. “ಕೆಳಗೆ ಪೊಳ್ಳಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತು?”

“ಗೊತ್ತಿರಲಿಲ್ಲ ಮೇಡಂ. ಗುಣಿಸಿದೆ.”

ಇಂಜಿನಿಯರಮ್ಮ ಬಹುಶಃ ನಗು ತಡೆಯುತ್ತಿದ್ದರು. ಆದರೆ ಅದೇ ಹೊತ್ತಿಗೆ ದಕ್ಷಿಣದ ಬೆಟ್ಟಗಳ ಕಡೆ ಗುಡುಗಿತು, ಅವರ ಮುಖ ಬದಲಾಯಿತು. ಜೂನ್ ತಿಂಗಳು, ನಾಲ್ಕು ಗಂಟೆಗೆ ಮಳೆ ಬರುವುದು ಆ ಊರಿನಲ್ಲಿ ಗಡಿಯಾರಕ್ಕಿಂತ ಖಚಿತ. ಗುಂಡಿಯ ಬಳಿ ಹಳೆಯ ಚರಂಡಿಯನ್ನು ಬೆಳಿಗ್ಗೆಯೇ ಕತ್ತರಿಸಿಯಾಗಿತ್ತು. ಮಳೆಗೆ ಮೊದಲು ಪೈಪು ಕೂಡಿಸದಿದ್ದರೆ ಬೀದಿಯ ಕೊಳಕು ನೀರೆಲ್ಲ ಹಿಂದಕ್ಕೆ ಉಕ್ಕಿ ಮನೆಮನೆಯ ಒಳಗೆ ಬರುತ್ತಿತ್ತು.

“ಲಾರಿ ಒಳಗೆ ಬಿಡಿ!”

“ಸಾಧ್ಯಾನೇ ಇಲ್ಲ!” ಕಾಸ್ತುಲೊ ಸಾಹೇಬರು ಕೈ ಅಡ್ಡ ಹಿಡಿದರು. “ಕಾಂಕ್ರೀಟ್ ಹಸಿ ಇದೆ. ಹತ್ತು ಟನ್ನಲ್ಲ, ಬೆಕ್ಕು ಸಹ ಹೋಗೋ ಹಾಗಿಲ್ಲ.”

ಹಸಿ ರಸ್ತೆಯ ಎರಡೂ ಬದಿಗೆ ಉಳಿದದ್ದು ಕಿರಿದಾದ ಕಾಲುದಾರಿ. ಗುಂಡಿಯವರೆಗೆ ಇನ್ನೂರು ಮೀಟರ್. ಇಪ್ಪತ್ತು ಪೈಪು. ಆರು ಕೂಲಿಗಳು.

“ಆರೇ ಜನ ಯಾಕೆ?” ಮೇಲಿನ ಕಿಟಕಿ ಕೇಳಿತು. “ಮೇ ತಿಂಗಳಲ್ಲಿ ಸಂತ ಇಸಿದ್ರೊನ ವಿಗ್ರಹಾನ ಇದೇ ಬೀದೀಲಿ ಹೊರಲ್ವಾ ನಾವು? ಅವನು ಇದ್ರ ಎರಡರಷ್ಟು ಭಾರ, ಜೊತೆಗೆ ಅವನ ಉಳೋ ಎತ್ತುಗಳು ಬೇರೆ. ಲೋ ಫಿದೆನ್ಸಿಯೊ, ಬಾಯಿ ಬಿಟ್ಕೊಂಡು ಏನ್ ನೋಡ್ತೀಯ? ಚರ್ಚಿಂದ ಹೊರೋ ಕೋಲುಗಳನ್ನ ತರ್ಸು!”

ಹಗ್ಗ ಬಂತು, ಕೋಲು ಬಂದವು. ಪೈಪಿನ ಮೈಯ ಅಲೆಗಳ ಸಂದಿನಲ್ಲಿ ಹಗ್ಗ ಜಾರದೆ ಕುಳಿತಿತು. ಎರಡು ಕಡೆ ಮೂವರಂತೆ ಆರು ಜನ ಕೋಲಿಗೆ ಹೆಗಲು ಕೊಟ್ಟರು. ದೋನ್ಯಾ ಎಲ್ಪಿದಿಯಾ ಮೆಟ್ಟಿಲಿಳಿದು ಬಂದು, ಮೆರವಣಿಗೆಯಲ್ಲಿ ಮಾಡುವಂತೆಯೇ ಮುಂದೆ ನಿಂತು ಕೈ ಎತ್ತಿದಳು.

“ಎಡಗಾಲು ಮೊದ್ಲು! ಸಂತನ್ನ ಅಲುಗಾಡಿಸ್ಬೇಡಿ! ಎಡ... ಬಲ...”

ಮೊದಲ ಪೈಪು ಫಿದೆನ್ಸಿಯೊ, ನಿಕಾನೋರ್, ಇಬ್ಬರು ಕೂಲಿಗಳು, ಕ್ಷೌರಿಕ ಮತ್ತು ಲಾರಿ ಚಾಲಕನ ಹೆಗಲ ಮೇಲೆ ಹೊರಟಿತು. ಅದರ ಮೂತಿ ನೇರವಾಗಿ ಹೋಗಿ ರಿಬ್ಬನ್ನಿಗೆ ತಗುಲಿ ಅದನ್ನು ಪಟ್ಟನೆ ಹರಿಯಿತು. ಹೀಗೆ ರಸ್ತೆಯ ಉದ್ಘಾಟನೆ ಆಯಿತು. ಕಾಸ್ತುಲೊ ಸಾಹೇಬರು ಕತ್ತರಿಯನ್ನು ಒಂದು ಕ್ಷಣ ನೋಡಿದರು. ಆಮೇಲೆ ಕೋಟು ಕಳಚಿ, ಎರಡನೆಯ ಪೈಪಿಗೆ ಹೆಗಲು ಕೊಟ್ಟರು. ಇಂಜಿನಿಯರಮ್ಮ ಮೂರನೆಯದಕ್ಕೆ.

ನಿಕಾನೋರ್ ಕುಳ್ಳ, ಆಚೆ ಬದಿಯ ಫಿದೆನ್ಸಿಯೊ ಎತ್ತರದ ಆಳು. ಕೋಲು ವಾಲಿ ಭಾರವೆಲ್ಲ ನಿಕಾನೋರನ ಬಲ ಹೆಗಲಿಗೇ ಜಾರಿ ಬರುತ್ತಿತ್ತು. ಐವತ್ತು ಮೀಟರಿಗೆ ಅವನ ಕಣ್ಣು ಕತ್ತಲಿಟ್ಟಿತು.

“ಕಂಪಾದ್ರೆ, ಇಳಿಸೋಣ್ವಾ?” ಎಂದ ಫಿದೆನ್ಸಿಯೊ.

“ಬೇಡ. ನೀನು ಸ್ವಲ್ಪ ಮಂಡಿ ಮಡಚು.”

ದೈತ್ಯನಂಥ ಫಿದೆನ್ಸಿಯೊ ಉಳಿದ ನೂರೈವತ್ತು ಮೀಟರನ್ನೂ ಬಾತುಕೋಳಿಯಂತೆ ಮಂಡಿ ಮಡಚಿಕೊಂಡೇ ನಡೆದ.

ಹನ್ನೆರಡು ಪೈಪು ಸಾಗುವಷ್ಟರಲ್ಲಿ ಗುಂಡಿಯ ಕಡೆಯಿಂದ ಕೂಗು ಬಂತು. ಪೈಪಿಗೆ ಪೈಪು ಸೇರಿಸುವ ತಗಡಿನ ಪಟ್ಟಿಗಳಿಗೆ ಬೋಲ್ಟು ಕೂರುತ್ತಿರಲಿಲ್ಲ. ಪೆಟ್ಟಿಗೆ ತಪ್ಪಿ ಬಂದಿದೆ ಎಂದು ಕೂಲಿಗಳು ಗಾಬರಿಯಾಗಿದ್ದರು. ನಿಕಾನೋರ್ ಇಳಿದು ಹೋಗಿ, ಒಂದು ಬೋಲ್ಟನ್ನು ಅಂಗೈಯಲ್ಲಿ ಹಾಕಿಕೊಂಡು ಒಮ್ಮೆ ಮೇಲಕ್ಕೆ ಚಿಮ್ಮಿ ಹಿಡಿದ. ನೋಡಲೂ ಇಲ್ಲ.

“ಇದು ಏಣಿಗೆ ಹಾಕೋದು. ಪಟ್ಟಿಯದ್ದು ಇದಕ್ಕಿಂತ ಹದಿನೈದು ಗ್ರಾಂ ಜಾಸ್ತಿ ಇರುತ್ತೆ. ಲಾರಿ ಸೀಟಿನ ಕೆಳಗೆ ಹಸಿರು ಪೆಟ್ಟಿಗೆ ಇರುತ್ತೆ, ತನ್ನಿ. ಸಾಲದೆ ಬಂದ್ರೆ ಅಂತ ನಾನೇ ಪ್ರತಿ ಸಲ ಒಂದು ಹಾಕಿಸ್ತೀನಿ.”

ಹಸಿರು ಪೆಟ್ಟಿಗೆ ಅಲ್ಲೇ ಇತ್ತು. ಇಂಜಿನಿಯರಮ್ಮ ಮಣ್ಣಾದ ಕೈಯನ್ನು ಸೊಂಟಕ್ಕಿಟ್ಟು ಅವನನ್ನೇ ನೋಡಿದರು.

ಕೊನೆಯ ಪೈಪಿನ ಕೊನೆಯ ಬೋಲ್ಟು ಬಿಗಿಯಾದಾಗ ಮೂರೂ ಮುಕ್ಕಾಲು. ನಾಲ್ಕೂ ಹತ್ತಕ್ಕೆ ಮಳೆ ಬಂತು. ಕಾಂಕ್ರೀಟಿನ ಮೇಲೆ ಅಷ್ಟು ಹೊತ್ತಿಗೆ ಗೋಣಿ, ಕಂಬಳಿ, ಮೇಜುಬಟ್ಟೆ, ಸಿಕ್ಕಿದ್ದನ್ನೆಲ್ಲ ಹೊದಿಸಿದ್ದರು. ಬೀದಿಯ ನೀರೆಲ್ಲ ಹೊಸ ಪೈಪಿಗೆ ನುಗ್ಗಿತು. ಅಲೆಅಲೆ ತಗಡಿನೊಳಗೆ ಅದು ನೂರು ಡೋಲು ಒಟ್ಟಿಗೆ ಬಾರಿಸಿದಂತೆ ಸದ್ದು ಮಾಡುತ್ತ ಹರಿದು, ಗುಂಡಿಯನ್ನು ಸುತ್ತಿ ಆಚೆ ಹೋಯಿತು. ಯಾರ ಮನೆಗೂ ಒಂದು ಹನಿ ಬರಲಿಲ್ಲ. ಜನ ಸೂರಿನಡಿ ನಿಂತು, ಹೆಗಲು ಉಜ್ಜಿಕೊಳ್ಳುತ್ತ, ಆ ಸದ್ದನ್ನೇ ಕೇಳುತ್ತಿದ್ದರು. ಅದು ತಮ್ಮದೇ ಸದ್ದು ಎನ್ನುವಂತಿತ್ತು ಅವರ ಮುಖ.

ದೋನ್ಯಾ ಎಲ್ಪಿದಿಯಾಳ ಮನೆಯಲ್ಲಿ, ಕಂಬಳಿ ಬಿಚ್ಚಿದ ಪಿಂಗಾಣಿ ತಟ್ಟೆಗಳಲ್ಲಿ ಎಲ್ಲರಿಗೂ ಬಿಸಿ ಬೀನ್ಸ್ ಕಾಳಿನ ಸಾರು, ತೊರ್ತಿಯಾ. ಅಲ್ಲೇ ಊಟದ ಮೇಜಿನ ಮೇಲೆ ಇಂಜಿನಿಯರ್ ಅರಿಸ್ಮೆಂದಿ ಅರ್ಜಿಯನ್ನು ಬಿಡಿಸಿಟ್ಟು ನಿಕಾನೋರನ ಕೈಗೆ ಪೆನ್ನು ಕೊಟ್ಟರು.

“ಆ ‘ಇಂ.’ ಹೊಡಿ. ನೀನು ಏನೋ ಅದನ್ನ ಬರಿ.”

ಅವನು ಎರಡು ಗೆರೆ ಎಳೆದು ‘ಉಗ್ರಾಣದ ಗುಮಾಸ್ತ’ ಎಂದು ಬರೆದ. ಅವರು ಅದರ ಕೆಳಗೆ, ‘ಪರಿಶೀಲಿಸಿದೆ. ರಸ್ತೆ ತಡೆಯುತ್ತಿರಲಿಲ್ಲ’ ಎಂದು ಬರೆದು, ತಮ್ಮ ನಿಜವಾದ ‘ಇಂ.’ ಸಮೇತ ರುಜು ಹಾಕಿದರು. “ಸೋಮವಾರ ಬೇಗ ಬಾ. ಚೀಟಿ ಓದೋದು ಹೇಗೆ ಅಂತ ನಾನೇ ಹೇಳ್ಕೊಡ್ತೀನಿ. ಗುಣಾಕಾರ ಬೇಡ, ಅದು ನಿಂಗೆ ಬರುತ್ತೆ,” ಎಂದು ಹೇಳಿ ಬೂಟು ಹಾಕಿಕೊಂಡು ಹೋದರು.

ಇಲ್ಲಿಗೆ ವಿಷಯ ಮುಗಿಯಬೇಕಿತ್ತು. ಆದರೆ ಇಪ್ಪತ್ತು ಪೈಪು ಹೊತ್ತ ಬೀದಿ ಸುಮ್ಮನಿರುತ್ತದೆಯೇ? ಭಾನುವಾರದ ಹೊತ್ತಿಗೆ ಒಂದು ಪೈಪು ಮುನ್ನೂರು ಕಿಲೊ ಆಗಿತ್ತು. ಮುಂದಿನ ಭಾನುವಾರಕ್ಕೆ ಐನೂರು. ಕಾಸ್ತುಲೊ ಸಾಹೇಬರು ಕಚೇರಿಯಲ್ಲಿ ಏಳುನೂರು ಎಂದರಂತೆ. ಫಿದೆನ್ಸಿಯೊ ಗಿರಾಕಿಗಳಿಗೆ, “ನೋಡಿ, ತೂಕದ ಮನುಷ್ಯ ನಾನು, ಸುಳ್ಳು ಹೇಳಲ್ಲ. ಒಂದು ಟನ್ನಿಗೆ ಚೂರು ಕಮ್ಮಿ. ಅದೂ ಮಂಡಿ ಮಡಚ್ಕೊಂಡು!” ಎನ್ನುತ್ತಿದ್ದ. ಇಡೀ ಬೀದಿಯಲ್ಲಿ ಸರಿಯಾದ ತೂಕ ಹೇಳುವವನು ನಿಕಾನೋರ್ ಒಬ್ಬನೇ ಉಳಿದ.

“ನೂರ ಎಂಬತ್ತೇ ಕಣ್ರಪ್ಪ. ಆರು ಜನ. ತಲೆಗೆ ಮೂವತ್ತು ಕಿಲೊ,” ಎಂದು ಅವನು ಒಂದು ಸಂಜೆ ತೊರ್ತಿಯಾ ಅಂಗಡಿಯ ಸಾಲಿನಲ್ಲಿ ಹೇಳಿದ. ಅರ್ಧ ಗಂಟೆ ಯಾರೂ ಅವನೊಂದಿಗೆ ಮಾತಾಡಲಿಲ್ಲ. ಮನೆಗೆ ಬಂದರೆ ಸುದ್ದಿ ಅವನಿಗಿಂತ ಮೊದಲು ಬಂದಿತ್ತು.

“ಮೂವತ್ತು ಕಿಲೊ ಅಂತೆ!” ಎಂದು ಅತ್ತೆ ಸಿಡುಕಿದಳು. “ಬೀದಿ ಮಾನ ಕಳೀತಾನೆ. ಯಾರಿಗೆ ಬೇಕಾಗಿತ್ತು ಇವನ ಚೀಟಿ!”

ಜುಲೈಯಲ್ಲಿ ಪಕ್ಕದ ಬೀದಿಯಿಂದ ಒಬ್ಬ ಮುದುಕರು ಬಂದರು. ತಮ್ಮ ಬೀದಿಯಲ್ಲೂ ಪೈಪು ಬರಲಿದೆಯಂತೆ. ಅಲೆಲಿ ಬೀದಿಯವರು ಹೊತ್ತ ಕಥೆ ಕೇಳಿ ನಂಬಿಕೆಯಾಗದೆ ವಿಚಾರಿಸಲು ಬಂದಿದ್ದರು. ಫಿದೆನ್ಸಿಯೊನ ಅಂಗಡಿಯೆದುರು, ನುಣ್ಣನೆಯ ಹೊಸ ರಸ್ತೆಯ ಮೇಲೆ, ಎಲ್ಲರೂ ಸೇರಿದ್ದರು.

“ಮೆಟ್ರೊದಲ್ಲಿ ಇರೋರು ನೀವಂತೆ,” ಎಂದರು ಅವರು ನಿಕಾನೋರನಿಗೆ. “ನಿಜ ಹೇಳಿ ದೋನ್, ಅಷ್ಟೊಂದು ಭಾರಾನಾ ಆ ಪೈಪು?”

ಫಿದೆನ್ಸಿಯೊ ಕತ್ತಿ ಮಸೆಯುವುದನ್ನು ನಿಲ್ಲಿಸಿದ. ಕ್ಷೌರಿಕ ಬಾಗಿಲಿಗೆ ಬಂದ. ಅತ್ತೆ ಕಿಟಕಿಯಲ್ಲಿ, ಒಬ್ದೂಲಿಯಾ ಮೆಟ್ಟಿಲ ಮೇಲೆ. ಎಲ್ಲರೂ ಉಸಿರು ಬಿಗಿಹಿಡಿದು ಅವನ ಬಾಯನ್ನೇ ನೋಡುತ್ತಿದ್ದರು.

ನಿಕಾನೋರ್ ಅಂಗಿಯ ಗುಂಡಿ ಬಿಚ್ಚಿ, ಇನ್ನೂ ನೀಲಿಗಟ್ಟಿದ್ದ ಬಲ ಹೆಗಲನ್ನು ಮುದುಕರಿಗೆ ತೋರಿಸಿದ.

“ಒಂದು ತಿಂಗಳಾಯ್ತು,” ಎಂದ. “ಈ ಹೆಗಲು ಇನ್ನೂ ಆ ಹೆಗಲಿನ ಮಟ್ಟಕ್ಕೆ ಎದ್ದಿಲ್ಲ.”

ಬೀದಿಗೆ ಬೀದಿಯೇ ಉಸಿರು ಬಿಟ್ಟು ಎದೆಯುಬ್ಬಿಸಿತು. ಆ ಮಾತಿನಲ್ಲಿ ಒಂದು ಗ್ರಾಂ ಸುಳ್ಳೂ ಇರಲಿಲ್ಲ.